ಖಾಲಿ ಹಾಳೆಯ ಹೆಬ್ಬೆಟ್ಟು

ಮಾನ್ವಿಯ ತಹಸೀಲ್ ಕಚೇರಿ ಎದುರಿನ ನನ್ನ ಮೇಜಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನರಿಗೆ ಅರ್ಜಿಗಿಂತ ಬಸ್ಸಿನದೇ ಚಿಂತೆ. ಚೀಕಲಪರ್ವಿಯ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂದು ಡಿಪೋದವರೂ ಖಾತ್ರಿ ಕೊಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬಂದವರು ತಮ್ಮ ಕಷ್ಟ ಹೇಳುವರು, ನಾನು ಚೀಟಿಯಲ್ಲಿ ನಾಲ್ಕು ಪದ ಗುರುತು ಹಾಕಿಕೊಳ್ಳುವೆ, ಒಂದು ಬಿಳಿ ಹಾಳೆ ತೆಗೆದು ಕೆಳಗಡೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವೆ. ಅವರು ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಬಸ್ ನಿಲ್ದಾಣಕ್ಕೆ ಓಡುವರು. ಆಮೇಲೆ ನಾನು ನಿಧಾನವಾಗಿ ಅದೇ ಹಾಳೆಯನ್ನು ಪ್ರಿಂಟರಿಗೆ ಹಾಕಿ, ಬರಹ ಹೆಬ್ಬೆಟ್ಟಿನ ಮೇಲ್ಗಡೆಗೇ ಮುಗಿಯುವಂತೆ ಕೂಡಿಸಿ, ಒಳಗೆ ಕೊಟ್ಟು ಬರುವೆ. ಕೊನೆಯ ಸಾಲಿಗೂ ಹೆಬ್ಬೆಟ್ಟಿಗೂ ನಡುವೆ ಎರಡು ಬೆರಳು ಜಾಗ. ಆ ಅಳತೆ ನನಗೆ ಕೈಬಂದಿತ್ತು, ಅದರ ಬಗ್ಗೆ ಸಣ್ಣ ಜಂಬವೂ ಇತ್ತು.

ಈ ಕಸುಬು ಕಲಿಸಿದವರು ನನ್ನ ಸೋದರಮಾವ. ಬೆಳಿಗ್ಗೆ ಹನುಮಪ್ಪನ ಗುಡಿಯಲ್ಲಿ ಪೂಜೆ, ಹತ್ತು ಗಂಟೆಯ ಮೇಲೆ ಅರ್ಜಿ. “ದೇವ್ರಿಗೆ ಸಂಕಲ್ಪ, ಸಾಹೇಬ್ರಿಗೆ ಪೀಠಿಕೆ. ಎರಡೂ ಸರಿ ಇದ್ರ ಕೆಲ್ಸ ಆತು ಅಂತ ತಿಳ್ಕೊ” ಎನ್ನುತ್ತಿದ್ದರು. ಪೀಠಿಕೆ ಎಂದರೆ ಅರ್ಜಿಯ ಮೊದಲ ಸಾಲು. ಅದನ್ನು ಓದಿದ ಅಧಿಕಾರಿಯ ಕೈಯಲ್ಲಿನ ಪೆನ್ನು ಒಂದು ಕ್ಷಣ ನಿಲ್ಲಬೇಕು. ಅದಕ್ಕಾಗಿ ಮಾವ ಕೆಲವು ನಮೂನೆ ಮಾಡಿಟ್ಟಿದ್ದರು. ಅವು ಕೈಬರಹದಿಂದ ಬೆರಳಚ್ಚಿಗೆ, ಬೆರಳಚ್ಚಿನಿಂದ ನನ್ನ ಪೆನ್ ಡ್ರೈವಿಗೆ ಬಂದಿದ್ದವು. ಒಂಟಿ ಹೆಣ್ಣುಮಕ್ಕಳಿಗೆ ಒಂದು ನಮೂನೆ: “ನನ್ನ ಪತಿಯು ತೀರಿಕೊಂಡಿದ್ದು, ನಾನು ದಿಕ್ಕಿಲ್ಲದ ವಿಧವೆಯಾಗಿರುತ್ತೇನೆ.” ಗಂಡ ಬಿಟ್ಟು ಹೋದವರಿಗೂ, ಗಂಡ ಕುಡಿದು ಮಲಗಿದವರಿಗೂ ಎಷ್ಟೋ ಸಲ ಇದೇ ಸಾಲು ನಡೆದುಹೋಗಿದೆ. ಯಾರೂ ಕೇಳಿರಲಿಲ್ಲ.

ಅರೆಕಾನೂನು ಸ್ವಯಂಸೇವಕರ ತರಬೇತಿಗೆ ಅರ್ಜಿ ಕರೆದಾಗ ನಾನೂ ಹಾಕಿದೆ. ಇವರು ವಕೀಲರಲ್ಲ. ಕಾನೂನು ಗೊತ್ತಿಲ್ಲದವರನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುವವರು, ಅರ್ಜಿ ಬರೆದುಕೊಡುವವರು, ಠಾಣೆಗೋ ಕಚೇರಿಗೋ ಜೊತೆಗೆ ಹೋಗುವವರು. ಇಷ್ಟು ವರ್ಷ ಗೋಡೆಯ ಹೊರಗೆ ಕೂತು ಬರೆದದ್ದು ಒಳಗೆ ಏನಾಗುತ್ತದೆ ಎಂದು ತಿಳಿಯುವ ಆಸೆ ನನಗಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿಯ ಮೇಲೂ ಆಸೆ ಇತ್ತು. ಸಂದರ್ಶನದಲ್ಲಿ ಅರ್ಜಿ ಬರೆದು ಅನುಭವವಿದೆ ಎಂದೆ. ಅದೇ ಕಾರಣಕ್ಕೆ ಆಯ್ಕೆಯಾದೆ.

ತರಗತಿಗಳು ರಾಯಚೂರಿನಲ್ಲಿ, ಕೋರ್ಟಿನ ಆವರಣದ ಒಂದು ಉದ್ದನೆಯ ಕೋಣೆಯಲ್ಲಿ. ಮೂವತ್ತು ಜನ ಇದ್ದೆವು. ಅಂಗನವಾಡಿಯವರು, ನಿವೃತ್ತ ಮೇಷ್ಟ್ರು, ಕಾನೂನು ಓದುತ್ತಿದ್ದ ಹುಡುಗಿಯರು. ನಾನು ಬೆಳಿಗ್ಗೆ ಮಾನ್ವಿಯಲ್ಲಿ ಬಸ್ಸು ಹತ್ತಿ, ರಾಯಚೂರಿನಲ್ಲಿ ಒಗ್ಗರಣಿ ಮಿರ್ಚಿ ತಿಂದು, ಎರಡನೇ ಸಾಲಿನಲ್ಲಿ ಕೂರುತ್ತಿದ್ದೆ. ಪಾಠ ಮಾಡುತ್ತಿದ್ದವರು ಒಬ್ಬ ಹಿರಿಯ ವಕೀಲೆ, ಎಲ್ಲರೂ ಅವರನ್ನು ವಕೀಲ ಮೇಡಂ ಎನ್ನುತ್ತಿದ್ದರು. ಮೊದಲ ದಿನ ಅವರು ಬಂದವರೇ ಒಂದು ಬಿಳಿ ಹಾಳೆ ಎತ್ತಿ ಹಿಡಿದರು.

“ಖಾಲಿ ಹಾಳಿ ಮ್ಯಾಲ ಹೆಬ್ಬೆಟ್ಟು ತಗೊಂಡೋರು ಇಲ್ಲಿ ಯಾರರ ಅದೀರೇನು?”

ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

“ತಗೋಬ್ಯಾಡ್ರಿ. ಬರೀರಿ, ಓದಿ ಹೇಳ್ರಿ, ತಿಳೀತೇನು ಕೇಳ್ರಿ, ಆಮ್ಯಾಲ ಹೆಬ್ಬೆಟ್ಟು. ಇದೊಂದು ಕಲಿತ್ರ ಅರ್ಧ ತರಬೇತಿ ಮುಗೀತು.”

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಎರಡನೆಯ ಗೆರೆ ಎಳೆಯುವಾಗ ಮನಸ್ಸಿನಲ್ಲಿ ಬಂದದ್ದು, ಈಕೆಗೆ ಚೀಕಲಪರ್ವಿಯ ಬಸ್ಸಿನ ಸಮಯ ಗೊತ್ತಿಲ್ಲ ಎಂದು.

ಕೋಣೆಯ ಪಾಠದ ಜೊತೆಗೆ ವಾರಕ್ಕೆ ಎರಡು ದಿನ ಕಾನೂನು ನೆರವಿನ ಮೇಜಿನಲ್ಲಿ ಕೂತು ಕಲಿಯಬೇಕಿತ್ತು. ಮಾನ್ವಿಯಲ್ಲಿ ನನ್ನ ಸ್ವಂತ ಮೇಜು ಇದ್ದದ್ದರಿಂದ ನನ್ನನ್ನು ದೇವದುರ್ಗಕ್ಕೆ ಹಾಕಿದರು. ಸಿರವಾರದಲ್ಲಿ ಬಸ್ಸು ಬದಲಿಸಿ ಹೋಗುವ ದಾರಿ. ಅಲ್ಲಿ ಅನುಭವಿ ಸ್ವಯಂಸೇವಕರೊಬ್ಬರು ಇದ್ದರು, ಅವರು ಬರೆಯುವುದನ್ನು ನಾನು ನೋಡಬೇಕು, ನಾನು ಬರೆದದ್ದನ್ನು ಅವರು ನೋಡಬೇಕು ಎಂದು ನಿಯಮ.

ಮೂರನೆಯ ವಾರದ ಒಂದು ಗುರುವಾರ ಅವರು ರಜೆ ಹಾಕಿದ್ದರು. ನಾಲ್ಕು ಗಂಟೆ ದಾಟಿತ್ತು. ಮೂವತ್ತೈದರ ಹತ್ತಿರದ ಒಬ್ಬ ಹೆಣ್ಣುಮಗಳು ಓಡುತ್ತಲೇ ಬಂದು, ಸೆರಗಿನಲ್ಲಿ ಸುತ್ತಿಟ್ಟಿದ್ದ ನೋಟಿಸು ಬಿಚ್ಚಿ ಮೇಜಿನ ಮೇಲೆ ಹಾಕಿದಳು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಗಲದ ಕುಂಕುಮ.

“ಇದಕ್ಕ ಇವತ್ತ ಕಡೀ ದಿನ ಅಂತ್ರಿ ಅಕ್ಕಾರ. ಊರಿನ ಲೆಕ್ಕ ಬರಿಯೋ ತಲಾಟಿ ಹೇಳ್ಯಾರ. ಏನರ ಮಾಡ್ರಿ.”

ಓದಿದೆ. ಆಕೆಯ ಮಾವ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿದ್ದ ನಾಲ್ಕು ಎಕರೆ ಹತ್ತಿ ಹೊಲವನ್ನು ತನ್ನೊಬ್ಬನ ಹೆಸರಿಗೆ ಮಾಡಬೇಕೆಂದು ಗಂಡನ ಅಣ್ಣ ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನಿನ ವಾರಸು ಬದಲಾವಣೆಗೆ, ಅರ್ಜಿ ಹಾಕಿದ್ದ. ವಂಶವೃಕ್ಷದಲ್ಲಿ ತಮ್ಮನ ಹೆಸರೇ ಇರಲಿಲ್ಲ. ತಕರಾರು ಇದ್ದವರು ಅವಧಿಯೊಳಗೆ ಕೊಡಬೇಕು, ಅವಧಿ ಅವತ್ತು ಐದಕ್ಕೆ ಮುಗಿಯುತ್ತಿತ್ತು. ಗಂಡನ ಪಾಲು ಹೋದರೆ ಆಕೆಗೂ ಹತ್ತನೇ ತರಗತಿಯ ಮಗಳಿಗೂ ಆ ಊರಿನಲ್ಲಿ ಉಳಿಯಲು ಬೇರೆ ಆಧಾರ ಇರಲಿಲ್ಲ.

“ಗಂಡ ಎಲ್ಲಿ?”

“ಪುಣಾದ ಕಡೆ ಕಟ್ಟಡದ ಕೆಲಸಕ್ಕ ಹೋಗ್ಯಾನ್ರಿ. ನಾಕು ವರ್ಷ ಆತು, ಫೋನಿಲ್ಲ, ಸುದ್ದಿಲ್ಲ.”

ನಾನು ಗಡಿಯಾರ ನೋಡಿದೆ. ಟಪಾಲು ತೆಗೆದುಕೊಳ್ಳುವ ಗುಮಾಸ್ತರು ಐದಕ್ಕೆ ಐದು ನಿಮಿಷ ಇರುವಾಗಲೇ ರಿಜಿಸ್ಟರ್ ಮುಚ್ಚುತ್ತಾರೆಂದು ಅನುಭವಿ ಸ್ವಯಂಸೇವಕರು ಹೇಳಿದ್ದರು. ಅಷ್ಟರಲ್ಲಿ ಆಕೆ, ಊರಿನ ಕಡೆಯ ಬಸ್ಸು ನಾಲ್ಕೂವರೆಗೆ, ತಪ್ಪಿದರೆ ಮನೆಯಲ್ಲಿ ಮಗಳು ಒಬ್ಬಳೇ ಎಂದಳು. ಇಲ್ಲಿ ನನ್ನ ಕೈ ನನ್ನನ್ನು ಕೇಳದೆ ಕೆಲಸ ಮಾಡಿತು. ಬಿಳಿ ಹಾಳೆ ತೆಗೆದೆ, ಮಸಿ ಹಚ್ಚಿದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. “ನೀ ನಡಿ ತಂಗೀ, ನಾ ಕೊಡ್ತೀನಿ” ಎಂದೆ. ಆಕೆ ಕೈಮುಗಿದು ಓಡಿದಳು. ಪೆನ್ ಡ್ರೈವ್ ಚುಚ್ಚಿದೆ, ಒಂಟಿ ಹೆಣ್ಣುಮಕ್ಕಳ ನಮೂನೆ ತೆರೆದೆ, ಹೆಸರು, ಊರು, ಸರ್ವೆ ನಂಬರ್ ತುಂಬಿದೆ. ಮೊದಲ ಸಾಲು ಹಾಗೆಯೇ ಉಳಿಯಿತು. ತೆಗೆಯಬೇಕೆಂದು ಅನ್ನಿಸಲೇ ಇಲ್ಲ. ನಾಲ್ಕು ವರ್ಷ ಸುದ್ದಿ ಇಲ್ಲದವನನ್ನು ಇನ್ನೇನೆಂದು ಬರೆಯುವುದು? ನಾಲ್ಕು ಐವತ್ತಕ್ಕೆ ಟಪಾಲಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನನ್ನೇ ನಾನು ಮೆಚ್ಚಿಕೊಂಡಿದ್ದೆ.

ಮುಂದಿನ ಸೋಮವಾರ ರಾಯಚೂರಿನಲ್ಲಿ ವಾರಸುದಾರಿಕೆಯ ಪಾಠ. ವಕೀಲ ಮೇಡಂ ಹಲಗೆಯ ಮೇಲೆ ಒಂದು ಮನೆತನದ ಚಿತ್ರ ಬರೆದರು. ತಂದೆ, ಎರಡು ಗಂಡುಮಕ್ಕಳು.

“ಒಬ್ಬ ಮಗ ಊರು ಬಿಟ್ಟು ಹೋಗ್ಯಾನ. ಸುದ್ದಿ ಇಲ್ಲ. ಅವ ಸತ್ತಂಗೋ, ಇದ್ದಂಗೋ?”

“ಸತ್ತಂಗ ರೀ” ಎಂದರು ಮೇಷ್ಟ್ರು.

“ಅಲ್ಲ. ಏಳು ವರ್ಷ ತನಕ ಕಾನೂನಿನ ಕಣ್ಣಾಗ ಅವ ಇದ್ದಂಗ. ಅಪ್ಪನ ಆಸ್ತ್ಯಾಗ ಅವಂದೂ ಹೆಸರು ಬರಬೇಕು. ಏಳು ವರ್ಷದ ಒಳಗ ಯಾರರ ‘ಸತ್ತಾನ’ ಅಂದ್ರ, ಅದನ್ನ ಅವ್ರ ತೋರಿಸಬೇಕು. ಎಲ್ಲಿ ಸತ್ತ, ಎಂದ ಸತ್ತ, ಮರಣ ಪತ್ರ ಎಲ್ಲಿ. ಗೊತ್ತಿಲ್ದ ಹೆಣ್ಣುಮಕ್ಕಳ ಅರ್ಜ್ಯಾಗ ಮಂದಿ ವಿಧವೆ ಅಂತ ಗೀಚಿರ್ತಾರ. ಪಾಪ, ಗೆಲ್ಲೋ ಕೇಸು ಅಲ್ಲೇ ಸೋಲ್ತಾರ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಪರ್ಸಿನೊಳಗಿನ ಪೆನ್ ಡ್ರೈವಿಗೆ ಹೋಯಿತು. ಪಕ್ಕದ ಅಂಗನವಾಡಿಯಾಕೆ “ಯಾಕ್ರೀ, ಮೈ ಸರಿ ಇಲ್ಲೇನು?” ಎಂದಳು. ಸೆಖೆ ಎಂದೆ. ರಾಯಚೂರಿನಲ್ಲಿ ಸೆಖೆ ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ತರಬೇತಿ ಮುಗಿಯಲು ಎರಡು ವಾರ ಉಳಿದಿತ್ತು. ವಿಚಾರಣೆಗೆ ಕರೆಯಲು ತಿಂಗಳಾದೀತು, ಅಷ್ಟರಲ್ಲಿ ಸದ್ದಿಲ್ಲದೆ ಬೇರೆ ಅರ್ಜಿ ಕೊಟ್ಟು ಸರಿಮಾಡೋಣ ಎಂದು ಲೆಕ್ಕ ಹಾಕಿದೆ. ತಕರಾರು ಬಂದರೆ ಅದರ ಪ್ರತಿ ಎದುರು ಪಾರ್ಟಿಗೆ ಹೋಗುತ್ತದೆ ಎಂಬುದನ್ನು ಮರೆತಿದ್ದೆ. ಹೊರಗಡೆ ಕೂತು ಬರೆಯುವವರಿಗೆ ಅರ್ಜಿ ಒಳಗೆ ಹೋದ ಮೇಲಿನ ದಾರಿ ಗೊತ್ತಿರುವುದಿಲ್ಲ.

ಗುರುವಾರ ಆ ಹೆಣ್ಣುಮಗಳು ದೇವದುರ್ಗದ ಮೇಜಿಗೆ ಬಂದಳು. ಈ ಸಲ ಓಡಿ ಬರಲಿಲ್ಲ. ಅನುಭವಿ ಸ್ವಯಂಸೇವಕರು ನನ್ನ ಪಕ್ಕದಲ್ಲೇ ಇದ್ದರು. ಆಕೆ ಎದುರಿಗೆ ನಿಂತು ಎರಡೂ ಕೈ ಮೇಜಿನ ಮೇಲೆ ಚಾಚಿದಳು.

“ಒಡೀರಿ.”

ನನಗೆ ಅರ್ಥವಾಗಲಿಲ್ಲ. ಆಗಿರಲಿಲ್ಲ ಎಂದು ಹೇಳುವುದು ಸುಳ್ಳು. ಆಗಿತ್ತು.

“ನಮ್ಮ ಭಾವ ಆ ಕಾಗದಾನ ಊರ ಕಟ್ಟಿ ಮ್ಯಾಲ ಕುಂತು ಓದಿಸ್ಯಾನ್ರಿ. ಗಂಡ ಸತ್ತಾನಂತ ಆಕಿನ ಹೆಬ್ಬೆಟ್ಟು ಒತ್ಯಾಳ ಅಂತ. ಊರಾಗಿನ ಹಿರೇ ಹೆಣಮಕ್ಕಳು ಮನೀಗೆ ಬಂದ್ರು. ‘ಕಾಗದದಾಗ ವಿಧವಿ, ಕೈಯಾಗ ಬಳಿ, ಇದು ಮನಿತನಕ್ಕ ಒಳ್ಳೇದಲ್ಲ’ ಅಂದ್ರು. ನಾ ಎಲ್ಲಿ ಅಂದಿದ್ದೆ ರೀ ಸತ್ತಾನಂತ? ನಿಮ್ಮ ಮುಂದ ಅಂದಿದ್ನೇನು? ಬರ್ದವ್ರು ನೀವು. ಒಡಿಯೋದೂ ನೀವ ಒಡೀರಿ.”

ಪಕ್ಕದ ಸ್ವಯಂಸೇವಕರು ನನ್ನ ಮುಖ ನೋಡಿದರು. ಮೇಜಿನ ಮೇಲಿದ್ದ ಆ ಕೈಗಳು ಹತ್ತಿ ಬಿಡಿಸಿ ಬಿಡಿಸಿ ಗೀರು ಬಿದ್ದ ಕೈಗಳು. ನನಗೆ ಬಹಳ ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಾವ ನೂರು ಸಲ ಹೇಳಿದ್ದರು. ಬರೆದರೆ ಏನಾಗುತ್ತದೆ ಎಂದು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಕೆಯ ಕೈ ಹಿಡಿದು ಕೂರಿಸಿದೆ. ತಪ್ಪು ನನ್ನದು, ಸರಿಮಾಡುವವರೆಗೆ ಬಳೆಗೆ ಯಾರೂ ಕೈ ಹಚ್ಚದಂತೆ ನೋಡಿಕೋ ಎಂದೆ. “ನಾ ಹಚ್ಚಗೊಡಂಗಿಲ್ಲ” ಎಂದಳು.

ಅವತ್ತು ಮಧ್ಯಾಹ್ನವೇ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ನಾನೂ ಆಕೆಯೂ ರಾಯಚೂರಿಗೆ ಹೋದೆವು. ವಕೀಲ ಮೇಡಂ ತಮ್ಮ ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ತಕರಾರಿನ ಪ್ರತಿಯನ್ನು ಎರಡು ಸಲ ಓದಿ, ಏಳು ವರ್ಷದ ಕಾನೂನನ್ನು ಆಕೆಗೂ ತಿಳಿಸಿದರು.

“ಎರಡು ದಾರಿ ಅದಾವು. ಒಂದು, ತಿದ್ದುಪಡಿ ಅರ್ಜಿ. ‘ಬೆರಳಚ್ಚಿನ ದೋಷದಿಂದ ತಪ್ಪು ನಮೂದಾಗಿದೆ’ ಅಂತ. ದಿನಾ ಇಪ್ಪತ್ತು ಹಿಂಗ ಬರ್ತಾವು, ಯಾರೂ ಕೇಳಂಗಿಲ್ಲ. ಆದ್ರ ಎದುರಿನಾಂವ ಕೇಳ್ತಾನ. ಒಂದು ಅಕ್ಷರ ತಪ್ಪಬಹುದು, ಇಡೀ ಮನಷ್ಯಾ ಸತ್ತಾನಂತ ಹೆಂಗ ತಪ್ತೀರಿ ಅಂತಾನ. ಆಗ ಸುಳ್ಳಿ ಅನ್ನಿಸಿಕೊಳ್ಳೋದು ಈ ಹೆಣ್ಣುಮಗಳು, ನೀವಲ್ಲ.”

“ಇನ್ನೊಂದ್ರೀ?”

“ಖಾಲಿ ಹಾಳಿ ಮ್ಯಾಲ ಹೆಬ್ಬೆಟ್ಟು ತಗೊಂಡೆ ಅಂತ ನೀವು ಬರ್ದು ಕೊಡೋದು. ಅದರಾಗೂ ಅಪಾಯ ಅದ. ಹಂಗಾದ್ರ ಈ ತಕರಾರೇ ಆಕಿದಲ್ಲ, ಅವಧಿ ಮುಗದದ ಅಂತ ವಜಾ ಮಾಡಿದ್ರೂ ಮಾಡಬಹುದು. ನಿಮ್ಮ ಹೆಸರೂ ಪಟ್ಟಿಯಿಂದ ಹೋಗಬಹುದು. ನೋಡ್ರಿ.”

ನನಗೆ ಮೊದಲ ದಾರಿಯೇ ಹಿತವಾಗಿ ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಬೆರಳಚ್ಚಿನ ದೋಷದ ನಮೂನೆಯೂ ನನ್ನ ಪೆನ್ ಡ್ರೈವಿನಲ್ಲಿತ್ತು. ಹೆಸರು ತುಂಬಿದರೆ ಮುಗಿಯಿತು. ನನ್ನ ಚೀಟಿಯೂ ಉಳಿಯುತ್ತಿತ್ತು. ಆದರೆ ಹೊಲ ನನ್ನದಲ್ಲ, ಬಳೆಯೂ ನನ್ನದಲ್ಲ. ಹಾಗಾಗಿ ಆಕೆಗೆ ಎರಡೂ ದಾರಿಯನ್ನು ಬಿಡಿಸಿ ಹೇಳಿದೆ, ಎರಡರಲ್ಲೂ ಏನು ಕೈಬಿಟ್ಟು ಹೋಗಬಹುದು ಎಂಬುದನ್ನೂ ಹೇಳಿದೆ. ಯಾವುದು ಬೇಕು ಎಂದು ಕೇಳಿದೆ. ಈ ಕಸುಬಿನ ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ನಾನು ಹೀಗೆ ಕೇಳಿರಲಿಲ್ಲ.

ಆಕೆ ಬಳೆಗಳನ್ನು ಮುಂಗೈಗೆ ಏರಿಸಿಕೊಂಡಳು. “ಒಂದ್ ಸುಳ್ಳಿಗೇ ಇಷ್ಟ ಆಗೇದ್ರಿ. ಅದರ ಮ್ಯಾಲ ಇನ್ನೊಂದ್ ಬ್ಯಾಡ. ಹೋದ್ರ ಹೊಲ ಹೋಗ್ಲಿ, ಅಂವ ಸತ್ತಾನಂತ ಇರೋ ಕಾಗದ ಮೊದಲ ಹೋಗ್ಬೇಕು.”

ಅಲ್ಲಿಂದ ಕೆಲಸ ಶುರುವಾಯಿತು. ಮೊದಲು ಠಾಣೆ. ಗಂಡ ಕಾಣೆಯಾದ ಬಗ್ಗೆ ಆಕೆ ಒಂದು ದೂರೂ ಕೊಟ್ಟಿರಲಿಲ್ಲ. ದೂರಿಲ್ಲದೆ ಕಾಣೆಯಾದವನು ಎಂದು ಹೇಳುವುದಕ್ಕೆ ಕಾಗದವೇ ಇಲ್ಲ. ಅನುಭವಿ ಸ್ವಯಂಸೇವಕರು ಮತ್ತು ನಾನು ಜೊತೆಗೆ ಹೋದೆವು. ಅಧಿಕಾರಿ ಸೌಮ್ಯವಾಗಿಯೇ ಕೇಳಿದರು, “ನಾಕು ವರ್ಷ ಏನ್ ಮಾಡಾಕತ್ತಿದ್ದಿವಾ?”

“ಕಾಯಾಕತ್ತಿದ್ದೆ ರೀ.”

ಅವರು ಹೊಸ ಹಾಳೆ ತೆಗೆದರು. ಎತ್ತರ, ಮೈಬಣ್ಣ, ಎಡಗೈ ಮೇಲಿನ ಹಚ್ಚೆ, ಕೊನೆಯ ಸಲ ಫೋನ್ ಬಂದ ತಿಂಗಳು, ಕರೆದುಕೊಂಡು ಹೋದ ಮೇಸ್ತ್ರಿಯ ಹೆಸರು ಎಲ್ಲ ಬರೆದುಕೊಂಡರು. ಫೋಟೋ ಬೇಕಿತ್ತು. ಇದ್ದದ್ದು ಮದುವೆಯದೊಂದೇ. ಬಾಸಿಂಗ ಕಟ್ಟಿಕೊಂಡು ಅರ್ಧ ಮುಖ ಮುಚ್ಚಿದ ಫೋಟೋ. ಕಡೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಕೊಟ್ಟೆವು. ದೂರಿನ ಪ್ರತಿ ಸಿಕ್ಕಿತು. ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಆತನ ಹೆಸರು ಇನ್ನೂ ಇದ್ದುದರ ಪ್ರತಿಗಳನ್ನೂ ಕೂಡಿಸಿದೆವು. ಮಗಳ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಇತ್ತು, ಅದನ್ನೂ.

ಆಮೇಲೆ ಆಕೆಯ ಹೇಳಿಕೆ. ವಕೀಲ ಮೇಡಂ ಅದನ್ನು ನನ್ನ ಕೈಯಿಂದಲೇ ಬರೆಸಿದರು. ಮೊದಲ ಸಲ ಬರೆದದ್ದು ಹೀಗೆ ಶುರುವಾಯಿತು: “ಮಾನ್ಯರಲ್ಲಿ ನಾನು ವಿನಮ್ರವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನನ್ನ ಪತಿಯು ಉದ್ಯೋಗ ನಿಮಿತ್ತ ಪರಸ್ಥಳಕ್ಕೆ ತೆರಳಿದ್ದು…” ಮೇಡಂ ಅಡ್ಡಗೆರೆ ಎಳೆದರು. “ಆಕಿ ಹಿಂಗ ಮಾತಾಡ್ತಾಳೇನ್ರಿ?” ಎರಡನೆಯ ಸಲ ವಿನಮ್ರ ಹೋಯಿತು, ನಿಮಿತ್ತ ಉಳಿಯಿತು. ಮತ್ತೆ ಗೆರೆ. ಮೂರನೆಯ ಸಲ ಪೆನ್ ಡ್ರೈವ್ ಮನೆಯಲ್ಲಿ ಬಿಟ್ಟು ಬಂದಿದ್ದೆ. ಆಕೆಯನ್ನು ಎದುರಿಗೆ ಕೂರಿಸಿಕೊಂಡು, ಅಂದದ್ದನ್ನು ಅಂದ ಹಾಗೆ ಬರೆದೆ. “ನನ್ನ ಗಂಡ ದುಡಿಯಾಕ ಹೋಗ್ಯಾನ. ನಾಕು ವರ್ಷ ಆತು ಬಂದಿಲ್ಲ. ಸತ್ತಾನಂತ ನನಗ ಯಾರೂ ಹೇಳಿಲ್ಲ. ಅಪ್ಪನ ಹೊಲದಾಗ ಅಂವಂದು ಪಾಲು ಅದ. ಬಂದ್ರ ಅಂವಂಗ ಇರ್ಲಿ, ಅಲ್ಲೀ ತನಕ ನಾನೂ ಮಗಳೂ ಅದರಾಗ ದುಡ್ಕೊಂಡು ತಿಂತೀವಿ.” ಅಷ್ಟೇ. ಐದು ಸಾಲು. ಓದಿ ಹೇಳಿದೆ. ಒಂದು ಕಡೆ ನಿಲ್ಲಿಸಿದಳು. ನಾನು ‘ಹೊಲ’ ಎಂದಷ್ಟೇ ಬರೆದಿದ್ದೆ, ‘ಹೊಲ ಮತ್ತ ಬದುವಿನ ಮ್ಯಾಲಿನ ಬೇವಿನ ಗಿಡ’ ಎಂದು ಸೇರಿಸಲು ಹೇಳಿದಳು. ಸೇರಿಸಿ ಮತ್ತೆ ಓದಿದೆ. ಆಮೇಲೆ ಹೆಬ್ಬೆಟ್ಟು.

ನನ್ನದು ಬೇರೆ ಹಾಳೆ. ಅದಕ್ಕೆ ಯಾವ ನಮೂನೆಯೂ ಸಿಗಲಿಲ್ಲ. ತಕರಾರಿನ ಮೊದಲ ಸಾಲು ಅರ್ಜಿದಾರಳು ಹೇಳಿದ್ದಲ್ಲ, ನಾನು ಹಾಕಿದ್ದು. ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ತೆಗೆದುಕೊಂಡಿದ್ದೆ, ಓದಿ ಹೇಳಿರಲಿಲ್ಲ. ಕೆಳಗೆ ಪೂರ್ತಿ ಹೆಸರು, ವಿಳಾಸ, ಸಹಿ. ಇನ್ನೊಬ್ಬರ ಕಾಗದಗಳಲ್ಲಿ ಇಷ್ಟು ವರ್ಷ ಬರೆದೂ ನನ್ನ ಸಹಿ ಎಲ್ಲಿಯೂ ಬಿದ್ದಿರಲಿಲ್ಲ. ಸಹಿ ಹಾಕಿ ಪಕ್ಕಕ್ಕೆ ತಾರೀಖು ಬರೆದೆ.

ವಿಚಾರಣೆ ದೇವದುರ್ಗದ ತಹಸೀಲ್ದಾರರ ಮುಂದೆ. ಅವರು ದಕ್ಷಿಣದ ಕಡೆಯವರು, ಮಾತು ಮೆಲ್ಲಗೆ. ಒಂದು ಕಡೆ ಭಾವ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಇನ್ನೊಂದು ಕಡೆ ಆಕೆ. ನಾನು ಹಿಂದೆ, ಗೋಡೆಯ ಹತ್ತಿರ. ತಹಸೀಲ್ದಾರರು ನನ್ನ ಹಾಳೆಯನ್ನು ಓದಿ ಕನ್ನಡಕ ತೆಗೆದರು.

“ಯಾರಮ್ಮ ಇದನ್ನ ಬರೆದವರು? ಮುಂದೆ ಬನ್ನಿ. ಆಕೆ ಹೇಳದೆ ಇದ್ದದ್ದನ್ನ ಯಾಕೆ ಬರೆದ್ರಿ?”

“ರೂಢಿ ಸರ್.”

“ರೂಢಿ ಅಂದ್ರೆ?”

“ಹಂಗ ಬರ್ದ್ರ ಅರ್ಜಿ ಲಗೂನ ನಡೀತದ ಸರ್.”

ಕೋಣೆಯಲ್ಲಿದ್ದ ಗುಮಾಸ್ತರೊಬ್ಬರು ತಲೆ ತಗ್ಗಿಸಿ ನಕ್ಕರು. ತಹಸೀಲ್ದಾರರು ನಗಲಿಲ್ಲ. ಭಾವ ಎದ್ದು ನಿಂತ.

“ಸಾಹೇಬ್ರ, ಹಂಗಾರ ಈ ತಕರಾರು ಆಕಿದಲ್ಲ ಅಂತಾತು. ಅವಧಿನೂ ಮುಗದದ. ನನ್ನ ಅರ್ಜಿ ಪಾಸು ಮಾಡ್ರಿ.”

ವಕೀಲ ಮೇಡಂ ಹೇಳಿದ್ದ ಅಪಾಯ ಇದೇ. ಆಕೆ ತಿರುಗಿ ನನ್ನನ್ನು ನೋಡಿದಳು, ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮುಂದೆ ಏನು ಎಂಬ ಪ್ರಶ್ನೆ ಇತ್ತು.

ತಹಸೀಲ್ದಾರರು ಟಪಾಲು ರಿಜಿಸ್ಟರ್ ತರಿಸಿದರು. ತಲಾಟಿಯನ್ನು ಕರೆದು, ಈಕೆ ಅವಧಿಯೊಳಗೆ ತಕರಾರಿದೆ ಎಂದು ನಿಮ್ಮ ಮುಂದೆ ಹೇಳಿದ್ದಳೇ ಎಂದು ಕೇಳಿದರು. ಹೌದು, ನಾನೇ ಆಕೆಯನ್ನು ಅರ್ಜಿ ಕೊಡಲು ಕಳಿಸಿದ್ದು ಎಂದರು ತಲಾಟಿ. “ತಕರಾರು ಅವಧಿಯಲ್ಲಿ ಬಂದಿದೆ. ಬಂದವಳು ಈಕೆ. ಒಳಗಿನ ಒಂದು ಸಾಲು ಬರೆದವರದು, ಅದನ್ನ ತೆಗೆದು ನೋಡ್ತೀನಿ” ಎಂದು, ಆಕೆಯ ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿದರು. ಬೇವಿನ ಗಿಡದವರೆಗೂ ಓದಿದ್ದಾಯಿತು. ಆಮೇಲೆ ಭಾವನ ಕಡೆ ತಿರುಗಿದರು.

“ನಿಮಗೊಬ್ಬ ತಮ್ಮ ಇದ್ದಾನಲ್ಲ, ವಂಶವೃಕ್ಷದಲ್ಲಿ ಯಾಕೆ ಬಿಟ್ರಿ?”

“ಇಲ್ಲ ಅನ್ನೋ ಲೆಕ್ಕನ ಅದ ರೀ. ನಾ ಪುಣಾಕ ಎರಡು ಸಲ ಹೋಗಿ ಹುಡುಕೀನ್ರಿ. ಇದ್ದಿದ್ರ ಸಿಗ್ತಿರಲಿಲ್ಲೇನ್ರಿ?”

ಆತ ಹುಡುಕಲು ಹೋಗಿದ್ದು ಆಕೆಗೂ ಗೊತ್ತಿರಲಿಲ್ಲ. ತಿರುಗಿ ನೋಡಿದಳು.

“ಸರಿ” ಎಂದರು ತಹಸೀಲ್ದಾರರು. ಒಂದು ಹಾಳೆ, ಪೆನ್ನು ಆತನ ಮುಂದೆ ಇಟ್ಟರು. “ಹಾಗಾದ್ರೆ ನಿಮ್ಮ ತಮ್ಮ ತೀರಿಕೊಂಡಿದ್ದಾನೆ ಅಂತ ನೀವು ಬರೆದು ಸಹಿ ಮಾಡಿ.”

ಭಾವ ಪೆನ್ನು ಎತ್ತಿಕೊಂಡ. ಸ್ವಲ್ಪ ಹೊತ್ತು ಹಿಡಿದಿದ್ದ. ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತಿತ್ತು, ಎಡಗೈಯಿಂದ ಒತ್ತಿ ಹಿಡಿದ. ಆಮೇಲೆ ಪೆನ್ನು ಕೆಳಗಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ.

“ನಾ ಹೆಂಗ ಬರ್ದ ಕೊಡ್ಲಿ ರೀ ಸಾಹೇಬ್ರ. ಒಡಹುಟ್ಟಿದಾಂವ ಅದಾನ.”

ಹೆಂಡತಿ ಆ ಮಾತು ಹೇಳಿರಲಿಲ್ಲ. ಹೊಲದ ಆಸೆಯಲ್ಲಿದ್ದ ಅಣ್ಣನ ಕೈಯಿಂದಲೂ ಅದನ್ನು ಬರೆಯಲಾಗಲಿಲ್ಲ. ಆ ಮನುಷ್ಯನ ಮುಖವನ್ನೇ ಕಾಣದ ನಾನು ಹತ್ತು ನಿಮಿಷದಲ್ಲಿ ಬರೆದು ಟಪಾಲಿಗೆ ಕೊಟ್ಟು ಬಂದಿದ್ದೆ. ನನ್ನ ಜೀವನದಲ್ಲಿ ಅಷ್ಟು ಸಣ್ಣವಳು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಆದೇಶ ಬರಲು ಮೂರು ವಾರ ಹಿಡಿಯಿತು. ಅಣ್ಣ ತಮ್ಮ ಇಬ್ಬರ ಹೆಸರನ್ನೂ ಜಂಟಿಯಾಗಿ ಖಾತೆಗೆ ಸೇರಿಸಬೇಕು, ಹೆಂಡತಿ ಮತ್ತು ಮಗಳ ಸಾಗುವಳಿಗೆ ಅಡ್ಡಿ ಮಾಡಬಾರದು. ಊರಿನ ಹಿರಿಯ ಹೆಣ್ಣುಮಕ್ಕಳು ಆಮೇಲೆ ಬಳೆಯ ಸುದ್ದಿ ಎತ್ತಲಿಲ್ಲವಂತೆ. ಸರಕಾರಿ ಸಿಕ್ಕಾ ಬಿದ್ದ ಕಾಗದದ ಮುಂದೆ ಅವರದೂ ನಡೆಯುವುದಿಲ್ಲ.

ಇತ್ತ ತರಬೇತಿ ಮುಗಿದವರ ಪಟ್ಟಿ ರಾಯಚೂರಿನಲ್ಲಿ ಹಚ್ಚಿದರು. ಇಪ್ಪತ್ತೊಂಬತ್ತು ಹೆಸರುಗಳಿದ್ದವು. ನನ್ನ ವಿಷಯದಲ್ಲಿ, ಮುಂದಿನ ತಂಡದೊಂದಿಗೆ ಮೊದಲಿನಿಂದ ಕಲಿಯಬಹುದು ಎಂಬ ಟಿಪ್ಪಣಿ ಕೈಗೆ ಬಂತು. ಬೇಜಾರಾಯಿತು. ಬಸ್ಸಿನಲ್ಲಿ ಅತ್ತುಬಿಟ್ಟೆ. ಆದರೆ ಅನ್ಯಾಯವಾಯಿತು ಎಂದು ಮಾತ್ರ ಅನ್ನಿಸಲಿಲ್ಲ. ಮಾವನಿಗೆ ಹೇಳಿದಾಗ ಅವರು “ನಾವು ಎಷ್ಟ ಮಂದೀನ್ನ ಹಿಂಗ ಸಾಯಿಸೀವೋ ಏನೋ ಮಾರಾಯ್ತಿ” ಎಂದರು. ಮಾನ್ವಿಯ ಮೇಜಿನಲ್ಲಿ ಈಗ ನಾನು ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ತೆಗೆದುಕೊಳ್ಳುತ್ತೇನೆ. ಬಸ್ಸು ತಪ್ಪಿಸಿಕೊಂಡವರು ಬೈದುಕೊಳ್ಳುತ್ತಾರೆ. ಕೆಲವರು ಪಕ್ಕದ ಮೇಜಿಗೆ ಹೋಗುತ್ತಾರೆ.

ಎರಡನೆಯ ಸಲದ ತರಬೇತಿಯ ನಡುವೆ, ಮತ್ತೆ ದೇವದುರ್ಗದಲ್ಲಿ ಕೂತಿದ್ದಾಗ ಆಕೆ ಬಂದಳು. ಹೊಸ ಪಹಣಿ ತೆಗೆಸಿಕೊಂಡು ಬಂದಿದ್ದಳು, ಓದಿ ಹೇಳಲು ಕೇಳಿದಳು. ಓದಿದೆ. ಅಣ್ಣನ ಹೆಸರು, ಕೆಳಗೆ ಆಕೆಯ ಗಂಡನ ಹೆಸರು. ಮತ್ತೊಮ್ಮೆ ಓದಿಸಿಕೊಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಇದನ್ನು ಕೇಳಲೆಂದೇ ಬಂದಿದ್ದಳು ಎಂದು ಆಮೇಲೆ ತಿಳಿಯಿತು.

“ಅಕ್ಕಾರ, ಏಳು ವರ್ಷ ಅಂತ ಆ ವಕೀಲ ಬಾಯಾರು ಅಂದಿದ್ರಲ್ರಿ. ಇನ್ನ ಮೂರು ವರ್ಷಕ್ಕ ಏಳು ತುಂಬ್ತಾವು. ಆಗ ಕಾನೂನೇ ತಾನಾಗಿ ಅಂವನ್ನ ಸತ್ತಾಂವ ಅಂತ ಬರ್ಕೊಂತದೇನ್ರಿ?”

ತಪ್ಪು ಹೇಳಬಾರದೆಂದು ಪಕ್ಕದಲ್ಲಿದ್ದ ಅನುಭವಿ ಸ್ವಯಂಸೇವಕರನ್ನು ಒಮ್ಮೆ ನೋಡಿದೆ. ಅವರು ತಲೆಯಾಡಿಸಿದರು.

“ಇಲ್ಲ ತಂಗೀ. ತಾನಾಗಿ ಬರ್ಕೊಳಂಗಿಲ್ಲ. ಬೇಕಾದವ್ರು ಕೋರ್ಟಿಗೆ ಹೋಗಿ, ಏಳು ವರ್ಷ ಆತು, ಸತ್ತಾನಂತ ತಿಳೀರಿ ಅಂತ ಕೇಳಬೇಕು. ಕೇಳಿದ್ರ ಮಾತ್ರ.”

“ಕೇಳಲಿಲ್ಲಂದ್ರ?”

“ಕೇಳೋ ತನಕ ಹಿಂಗ ಇರ್ತದ.”

ಆಕೆ ಪಹಣಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡಳು. ಎದ್ದು ಸೆರಗು ಸರಿಮಾಡಿಕೊಂಡಳು.

“ಹಂಗಾರ ನಾ ಕೇಳಂಗಿಲ್ಲ ಬಿಡ್ರಿ” ಎಂದು ಬಸ್ಸಿಗೆ ನಡೆದಳು.